ನುಸಿ ಹತ್ತದ ಕಾಳು

ಮನುಷ್ಯನಿಗೆ ಅಂಟುವ ವ್ಯಸನಗಳಲ್ಲಿ ಕೆಲವು ಬಾಯಿಯ ಮೂಲಕವೂ ಕೆಲವು ಕಣ್ಣಿನ ಮೂಲಕವೂ ಒಳಹೊಗುತ್ತವೆಂದು ತಿಳಿದವರು ಹೇಳುತ್ತಾರೆ. ನನ್ನದು ಅಂಗಾಲಿನ ಮೂಲಕ ಒಳಹೊಕ್ಕಿತು. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಎಂಬ ಊರಿನಲ್ಲಿ ನಾವು ಸಂಸಾರ ಹೂಡಿ ಕೆಲವು ವರ್ಷಗಳಾಗಿದ್ದ ಕಾಲದಲ್ಲಿ, ಒಂದು ರಾತ್ರಿ, ದೀಪ ಹಚ್ಚುವ ಆಲಸ್ಯದಿಂದ ಕತ್ತಲೆಯಲ್ಲಿಯೇ ನೀರು ಕುಡಿಯಲು ಹೊರಟ ನಾನು, ಮಗಳು ಆಡಿ ಬಿಟ್ಟಿದ್ದ, ತಲೆಯ ಮೇಲೆ ಎಂಟು ಗುಂಡಿಗಳುಳ್ಳ ಒಂದು ಕೆಂಪು ಪ್ಲಾಸ್ಟಿಕ್ ಇಟ್ಟಿಗೆಯ ಮೇಲೆ ನನ್ನ ಸಮಸ್ತ ದೇಹಭಾರವನ್ನು ನಿಕ್ಷೇಪಿಸಿದೆನು. ಆಗ ನನ್ನ ಬಾಯಿಂದ ಹೊರಟ ಶಬ್ದವು ಅಚ್ಚ ಬಾಗಲಕೋಟೆಯದಾಗಿತ್ತೆಂದೂ, ಪರದೇಶದಲ್ಲಿದ್ದರೂ ನಾನು ತಾಯ್ನುಡಿಯನ್ನು ಮರೆತಿಲ್ಲವೆಂಬುದಕ್ಕೆ ಅದೇ ಸಾಕ್ಷಿಯೆಂದೂ ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ನೋವು ಇಳಿದ ತರುವಾಯ ದೀಪ ಹಚ್ಚಿ ಅದನ್ನು ಕೈಗೆತ್ತಿಕೊಂಡು ನೋಡಿದೆ: ಎಂಬತ್ತೆರಡು ಕಿಲೋ ತೂಕದ ಗೃಹಸ್ಥನನ್ನು ಹೊತ್ತೂ ಅದರ ಮೈಮೇಲೆ ಒಂದು ಗೀರು ಮೂಡಿರಲಿಲ್ಲ. ಆ ವಿಸ್ಮಯವೇ ನನ್ನ ಅಧಃಪತನದ ಮೊದಲ ಮೆಟ್ಟಿಲಾಯಿತು.

ಓದಿಕೊಂಡವನು ವ್ಯಸನಕ್ಕೆ ಬೀಳುವ ಮುನ್ನ ಅದರ ಇತಿಹಾಸವನ್ನು ತಿಳಿದುಕೊಳ್ಳುತ್ತಾನೆ. ಹಾಗೆ ತಿಳಿದುಕೊಂಡರೆ ಅದು ವ್ಯಸನವೆನಿಸದೆ ಅಧ್ಯಯನವೆನಿಸುತ್ತದೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿಯೊಬ್ಬನಿದ್ದನು. ಆರ್ಥಿಕ ಮುಗ್ಗಟ್ಟಿನಿಂದ ಜನರು ಮನೆ ಕಟ್ಟಿಸುವುದನ್ನು ಬಿಟ್ಟಾಗ, 1932ರಲ್ಲಿ ಅವನು ಮರದ ಆಟಿಗೆಗಳನ್ನು ಮಾಡತೊಡಗಿದನು. ಎರಡು ವರ್ಷಗಳ ಮೇಲೆ, ತನ್ನ ನುಡಿಯಲ್ಲಿ ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಶಬ್ದಗಳನ್ನು ಕತ್ತರಿಸಿ ಜೋಡಿಸಿ ಲೆಗೊ ಎಂಬ ಹೆಸರಿಟ್ಟನು. ಮೇಲೆ ಗುಂಡಿ, ಕೆಳಗೆ ಟೊಳ್ಳು ನಳಿಕೆ, ಒತ್ತಿದರೆ ಕೂಡುವುದು, ಎಳೆದರೆ ಬಿಡುವುದು ಎಂಬ ಈಗಿನ ವಿನ್ಯಾಸಕ್ಕೆ ಪೇಟೆಂಟ್ ಕೋರಿದ್ದು 1958ರ ಜನವರಿ 28ರಂದು. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೆ ಇಂದಿಗೂ ಕೂರುತ್ತದೆ. ಎಂಟು ಗುಂಡಿಯ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಇದನ್ನು ನಾನು ಹೆಂಡತಿಗೆ ತಿಳಿಸಿದಾಗ ಅವಳು, “ಅಷ್ಟ್ ಬಗಿ ಇದ್ದ ಮ್ಯಾಲ ಆರೇ ಇಟ್ಟಂಗಿ ಸಾಕಲ್ರೀ, ಆರು ಸಾವಿರ ಯಾಕ ಬೇಕು?” ಎಂದು ಕೇಳಿದಳು. ಗಣಿತವನ್ನು ಸ್ತ್ರೀಯರ ಮುಂದೆ ಎತ್ತಬಾರದೆಂಬ ಪಾಠವನ್ನು ನಾನು ಅಂದು ಕಲಿತೆನು.

ಆರು ಸಾವಿರವೆಂದು ಅವಳು ಹೇಳಿದ್ದು ಅತ್ಯುಕ್ತಿಯಲ್ಲ. ನನ್ನ ಸಂಗ್ರಹಕ್ಕೆ ಶಿಖರಪ್ರಾಯವಾಗಿದ್ದದ್ದು ತಾಜಮಹಲಿನ ಪೆಟ್ಟಿಗೆ. ಅದು 2008ರಲ್ಲಿ ಮೊದಲು ಹೊರಬಂದಾಗ 5,922 ಬಿಡಿಭಾಗಗಳಿದ್ದವು. 2017ರಲ್ಲಿ ಮತ್ತೆ ಬಂದಾಗ 5,923 ಆದವು. ಒಂಬತ್ತು ವರ್ಷಗಳ ತಪಸ್ಸಿನ ಫಲವಾದ ಆ ಒಂದು ಹೆಚ್ಚಿನ ಭಾಗದ ಆಕರ್ಷಣೆಗೆ ಸೋತು, ವರ್ಷದ ಬೋನಸ್ಸನ್ನು ಸಂಪೂರ್ಣವಾಗಿ ತೆತ್ತು, ನಾನು ಆ ಪೆಟ್ಟಿಗೆಯನ್ನು ಮನೆಗೆ ತಂದೆನು; ತಂದು, ಕಪಾಟಿನ ನೆತ್ತಿಯ ಮೇಲೆ ಪ್ರತಿಷ್ಠಾಪಿಸಿ, ತೆರೆಯದೆ ಬಿಟ್ಟೆನು. ತೆರೆಯದಿರುವ ಪೆಟ್ಟಿಗೆಗೆ ಬೆಲೆ ಏರುತ್ತದೆಂಬುದು ಸಂಗ್ರಾಹಕರ ಧರ್ಮಶಾಸ್ತ್ರ. ಅದರಂತೆ ಆರು ವರ್ಷ ಅದು ಮುದ್ರೆ ಒಡೆಯದೆ ಕುಳಿತಿತ್ತು. ವಾರಕ್ಕೊಮ್ಮೆ ನಾನು ಧೂಳೊರಸುತ್ತಿದ್ದೆ.

ಈ ಕುರಿತು ನಮ್ಮ ಮನೆಯಲ್ಲಿ ಏಕಾಭಿಪ್ರಾಯವಿರಲಿಲ್ಲ. ಇರುವುದು ಸಾಧ್ಯವೂ ಅಲ್ಲ, ಏಕೆಂದರೆ ಒಂದೇ ಜಿಲ್ಲೆಯವರಾದರೂ ನಾವು ಕಟ್ಟಡಶಾಸ್ತ್ರದ ಬೇರೆ ಬೇರೆ ಪಂಥಗಳಿಗೆ ಸೇರಿದವರು. ನಾನು ಪಟ್ಟದಕಲ್ಲಿನ ಪಂಥದವನು. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿಗಾಗಿ ನಿರ್ಮಿಸಿದ ಗುಂಡ ಅನಿವಾರಿತಾಚಾರಿ ಗಾರೆಯ ಹಂಗಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಕೂರಿಸಿದನಾದಕಾರಣ, ಡೆನ್ಮಾರ್ಕಿನ ಬಡಗಿ ಅವನ ದೂರದ ದಾಯಾದಿಯೇ ಸರಿಯೆಂದು, ಮನೆಗೆ ಬಂದ ಕನ್ನಡಿಗರಿಗೆಲ್ಲ ಅವರ ಚಹ ಆರುವವರೆಗೆ ನಾನು ಪ್ರತಿಪಾದಿಸುತ್ತಿದ್ದೆನು. ನನ್ನ ಹೆಂಡತಿಯಾದರೋ ಬಾದಾಮಿಯವಳು. ಬಾದಾಮಿಯ ಗುಹೆಗಳಲ್ಲಿ ಕಟ್ಟುವ ಮಾತೇ ಇಲ್ಲ. ಬೇಡವಾದ ಬಂಡೆಯನ್ನು ತೆಗೆದುಹಾಕಿದರೆ ಬೇಕಾದ ದೇವರು ಉಳಿಯುತ್ತಾನೆ. ಮಂಗಲೇಶನ ಮುತುವರ್ಜಿಯಿಂದ, 578ರಲ್ಲಿ, ಮೂರನೆಯ ಗುಹೆ ಸಿದ್ಧವಾದದ್ದು ಈ ನ್ಯಾಯದಿಂದಲೇ. ಅದೇ ನ್ಯಾಯದಿಂದ ಅವಳು ನನ್ನ ಪೆಟ್ಟಿಗೆಗಳ ರಾಶಿಯನ್ನು ದಿಟ್ಟಿಸಿ, ಬೇಡವಾದದ್ದನ್ನು ತೆಗೆದುಹಾಕಿದರೆ ಇದರೊಳಗೆ ಒಂದು ಮಲಗುವ ಕೋಣೆ ಅಡಗಿದೆಯೆಂದು ದೃಢವಾಗಿ ನಂಬಿದ್ದಳು.

ಇನ್ನು ನನ್ನ ತಂದೆಯವರ ಪಂಥ, ಮುಳುಗಡೆಯ ಬಾಗಲಕೋಟೆಯದು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯನ್ನು ಹಿಂದಕ್ಕೊತ್ತಿಕೊಂಡು ಊರೊಳಗೆ ಬರುವುದೆಂದು ಗೊತ್ತಾದಾಗ, ಜನರು ಪರಿಹಾರ ಪಡೆದು ನವನಗರದ ಸೆಕ್ಟರುಗಳಿಗೆ ಹೊರಟರು. ಶ್ರೀಶೈಲದ ಜಲಾಶಯಕ್ಕೆ ಸಿಲುಕಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು, ಅದೂ ನಮ್ಮ ಬಾದಾಮಿ ಚಾಲುಕ್ಯರದೇ, ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ಸಾಗಿಸಿ ಮರಳಿ ಕಟ್ಟಿದ ಸಂಗತಿಯನ್ನು ಎಲ್ಲಿಯೋ ಓದಿದ್ದ ತಂದೆಯವರು, ದೇವರಿಗೆ ಸಾಧ್ಯವಾದದ್ದು ಗೃಹಸ್ಥನಿಗೇಕೆ ಸಾಧ್ಯವಾಗಬಾರದೆಂದು, ನಮ್ಮ ಮನೆಯ ತೊಲೆ, ಜಂತಿ, ಕಂಬಗಳಿಗೂ, ಅಜ್ಜ ಬನಶಂಕರಿ ಜಾತ್ರೆಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ತಂದಿದ್ದ ತಲಬಾಗಿಲಿನ ಚೌಕಟ್ಟಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆದು ಬಿಚ್ಚಿಸಿದರು. ನವನಗರದಲ್ಲಿ ಸಿಮೆಂಟಿನ ಮನೆ ಎದ್ದಿತು. ನಂಬರಿನ ತೊಲೆಗಳು ಅದರ ಹಿತ್ತಲಲ್ಲಿ ತಾಡಪತ್ರಿ ಹೊದ್ದು ಮಲಗಿದವು. “ಒಂದಿನ ಕೂಡಿಸೋಣು” ಎಂದು ಹೇಳುತ್ತ ಹೇಳುತ್ತಲೇ ತಂದೆಯವರು ತೀರಿಕೊಂಡರು.

ಹೀಗಿರಲು, 2023ರ ಬೇಸಿಗೆಯಲ್ಲಿ ನಮ್ಮ ಅವ್ವ ಮೂರು ತಿಂಗಳ ಮಟ್ಟಿಗೆ ಸ್ಲೌಗೆ ಬಂದಳು. ಅವ್ವ ಇಳಕಲ್ಲಿನ ನೇಕಾರರ ಮನೆಯ ಮಗಳು. ಬರುವಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಇವುಗಳ ಜೊತೆಗೆ ಒಂದು ಬಿದಿರಿನ ಮರವನ್ನೂ ಕಂಕುಳಲ್ಲಿ ಇರಿಸಿಕೊಂಡು ಬಂದಿದ್ದಳು. ವಿಮಾನನಿಲ್ದಾಣದ ಅಧಿಕಾರಿಯೊಬ್ಬನು ಇದೇನು ವಾದ್ಯವೆಂದು ವಿಚಾರಿಸಲು, ಅವನ ಮುಂದೆಯೇ ಶೂನ್ಯವನ್ನು ಕೇರಿ ತೋರಿಸಿ ಬಂದಳಂತೆ. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಸ್ಥಾಪಿತವಾದ ಬಸವಣ್ಣನವರ ಪ್ರತಿಮೆಯನ್ನು ತೋರಿಸಿದೆವು. “ಸಂಗಮದಾಗ ಕೈಮುಗದ ಬಂದಿದ್ದೆ, ನನಗಿಂತ ಮೊದಲ ಇಲ್ಲಿ ಬಂದ ನಿಂತಾರ ನೋಡು” ಎಂದು ಸಂತೋಷಪಟ್ಟಳು. ಅದಾದ ಮೇಲೆ ಇಂಗ್ಲೆಂಡಿನಲ್ಲಿ ಅವಳಿಗೆ ನೋಡಬೇಕಾದದ್ದೇನೂ ಉಳಿಯಲಿಲ್ಲ. ಆದಕಾರಣ ನಮ್ಮ ಮನೆಯನ್ನು ನೋಡತೊಡಗಿದಳು.

ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಪಡಸಾಲೆಯಲ್ಲಿ ಕಂಡ ದೃಶ್ಯವನ್ನು ವರ್ಣಿಸಲು ನನ್ನ ಲೇಖನಿಗೆ ಈಗಲೂ ಧೈರ್ಯ ಸಾಲದು. ಅವ್ವ ಕಾಲು ಚಾಚಿ ನೆಲದ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಮರ. ಮರದ ತುಂಬ ತಾಜಮಹಲು. ಎದುರಿಗೆ ನನ್ನ ಮಗಳು. ಸುತ್ತಲೂ ನಮ್ಮ ಅಡುಗೆಮನೆಯ ಸಮಸ್ತ ಸ್ಟೀಲ್ ಬಟ್ಟಲುಗಳು, ಒಂದೊಂದರಲ್ಲಿ ಒಂದೊಂದು ಆಕಾರ, ಒಂದೊಂದು ಬಣ್ಣ. ಅರುವತ್ತು ವರ್ಷ ಜೋಳ, ತೊಗರಿ, ಸಜ್ಜೆಗಳನ್ನು ಹಸನು ಮಾಡಿದ ಆ ಬೆರಳುಗಳು 5,923 ಭಾಗಗಳನ್ನು ಒಂದು ಮಧ್ಯಾಹ್ನದಲ್ಲಿ ಹಸನು ಮಾಡಿ ಮುಗಿಸುವ ಹಂತದಲ್ಲಿದ್ದವು.

“ಅವ್ವಾ, ಇದನ್ಯಾಕ ಒಡದಿ?” ಎಂಬಷ್ಟು ಮಾತ್ರ ನನ್ನಿಂದ ಹೊರಟಿತು.

“ಕಪಾಟ ಒರಸಾಕ ತೆಗದೆ ತಮ್ಮಾ. ಅಲಗಾಡಿಸಿದ್ರ ಒಳಗ ಕಾಳ ಸಪ್ಪಳಾತು. ಆರ್ ವರ್ಷ ಆತು ತೆಗದಿಲ್ಲ ಅಂದ್ಲು ಮಗಳು. ಆರ್ ವರ್ಷದ ಕಾಳ ಅಂದ್ರ ನುಸಿ ಹತ್ತಿ ಹಿಟ್ಟಾಗಿರತೈತಿ ಅಂತ ಗಾಬರ್ಯಾಗಿ ಒಡದೆ,” ಎಂದು ಹೇಳಿ, ಒಂದು ಬಿಳಿಯ ತುಣುಕನ್ನು ಬೆಳಕಿಗೆ ಹಿಡಿದು, ಮೆಚ್ಚುಗೆಯಿಂದ, “ಖರೇ ಹೇಳ್ತೀನಿ, ಒಂದ ಕಾಳಿಗೂ ನುಸಿ ಹತ್ತಿಲ್ಲ ನೋಡು,” ಎಂದಳು.

ನಾನು ನ್ಯಾಯ ಬೇಡಿ ಹುನಗುಂದದ ಸೋದರಮಾವನಿಗೆ ಫೋನು ಮಾಡಿದೆನು. ಹೊಲದ ಬದುವಿನ ವ್ಯಾಜ್ಯಗಳಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡ ವಕೀಲನಾತ. ವಾದವನ್ನೆಲ್ಲ ಕೇಳಿ, “ಆರ್ ವರ್ಷ ಪಡಾ ಬಿಟ್ಟೀಯಲ್ಲೋ! 1974ರಾಗ ಕಾಯ್ದೆ ಬಂದೈತಿ, ಉಳುವವನೇ ಒಡೆಯ. ಹಂಗ ಆಡೂವನ ಒಡೆಯ. ನೀ ಬರೇ ಸಾತಬಾರದಾಗ ಇದ್ದಾವ,” ಎಂದು ತೀರ್ಪಿತ್ತು ಫೋನು ಇಟ್ಟನು. ಅವ್ವ ಮಾತ್ರ ನನ್ನ ಮುಖ ನೋಡಿ ಮರುಗಿ, ಇಳಕಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳನ್ನು ಸ್ಮರಿಸಿದಳು. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕುಡಿತವನ್ನೂ ತಂಬಾಕನ್ನೂ ಭಿಕ್ಷೆ ಬೇಡಿದ ಯೋಗಿಗಳವರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. “ಅಪ್ಪಾರು ಇದ್ದಿದ್ರ ಅವರ ಜೋಳಿಗಿಗೆ ಹಾಕಸ್ತಿದ್ದೆ” ಎಂದಳು ಅವ್ವ. “ಬ್ಯಾಡ್ರಿ ಅತ್ತಿ, ಇವರವು ಮೂಲಿ ಮೂಲಿಗೆ ಚುಚ್ಚತಾವ, ಜೋಳಿಗಿ ಹರದೀತು” ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

ಒಡೆದ ಪೆಟ್ಟಿಗೆಗೆ ಕಟ್ಟುವುದಲ್ಲದೆ ಬೇರೆ ಗತಿಯಿಲ್ಲ. ಮೂರು ವಾರ ನಾನೂ ಮಗಳೂ ಕುಳಿತು ಕಟ್ಟಿದೆವು; ಅವ್ವ ಬಟ್ಟಲಿನಿಂದ ಆರಿಸಿ ಆರಿಸಿ ಕೊಟ್ಟಳು. ನಾಲ್ಕು ಮಿನಾರುಗಳೂ ಗುಮ್ಮಟವೂ ಎದ್ದು ನಿಂತ ದಿವಸ ಅವ್ವ, “ಇದು ಯಾರ ಮನಿ?” ಎಂದು ಕೇಳಿದಳು. ಮನೆಯಲ್ಲ, ಬಾದಶಹನೊಬ್ಬ ತೀರಿಹೋದ ಹೆಂಡತಿಗಾಗಿ ಕಟ್ಟಿಸಿದ್ದು ಎಂದೆನು. “ಹಂಗಂದ್ರ ಗದ್ದಿಗಿ ಅನ್ನು,” ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮರುದಿನ ಬೆಳಿಗ್ಗೆ ತಾಜಮಹಲಿನ ಗುಮ್ಮಟದ ಮೇಲೆ ಮೂರು ಬೆರಳಿನ ವಿಭೂತಿ, ಮುಂದೆ ಒಂದು ಗುಲಾಬಿ, ಪಕ್ಕದಲ್ಲಿ ಕರದಂಟಿನ ಚೂರು. ನಾಲ್ಕು ನೂರು ವರ್ಷಗಳ ತರುವಾಯ ಆ ರಾಣಿಗೆ ಅಮೀನಗಡದ ನೈವೇದ್ಯ ಸಂದುದನ್ನು ಕಂಡು ನಾನು ತಡೆಯಲಾರದೆ ಹೋದೆನು.

ಆದರೆ ಅವ್ವನ ಮನಸ್ಸು ಇದ್ದದ್ದು ಗುಮ್ಮಟದಲ್ಲಲ್ಲ, ಕೂಡುವ ಬಗೆಯಲ್ಲಿ. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎಳೆಗೆ ಎಳೆಯನ್ನು ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೆ ಕೊಂಡಿಯೆಂದು ಹೆಸರು. ಉಳಿದುಹೋದ ನಾಲ್ಕಾರು ತುಣುಕುಗಳನ್ನು ಅವಳು ಒತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. “ಇದೂ ಕೊಂಡಿನ ಐತಿ. ಆದ್ರ ಇದು ಬಿಚ್ಚತೈತಿ, ನಮ್ಮದು ಬಿಚ್ಚಂಗಿಲ್ಲ,” ಎಂದಳು. ಬಿಚ್ಚುವುದೇ ಇದರ ಗುಣ, ಬಿಚ್ಚಿ ಮತ್ತೆ ಬೇಕಾದಂತೆ ಕೂಡಿಸಬಹುದು ಎಂದು ನಾನು ಗುಂಡ ಅನಿವಾರಿತಾಚಾರಿಯ ಹೆಸರೆತ್ತುವವನಿದ್ದೆ. ಅಷ್ಟರೊಳಗೆ ಅವ್ವ, ತಲೆ ಎತ್ತದೆ, “ಬಿಚ್ಚಿದ್ದನ್ನ ಯಾರ ಕೂಡಸ್ತಾರ? ನಿಮ್ಮಪ್ಪಾರು ಕೂಡಿಸಿದ್ರೇನು?” ಎಂದಳು.

ಇದಕ್ಕೆ ಉತ್ತರ ಕೊಟ್ಟವಳು ನನ್ನ ಮಗಳು. ನಾನು ಆಫೀಸಿಗೆ ಹೋದಾಗ ಅವಳು ಆಯಿಯನ್ನು ಕೂರಿಸಿಕೊಂಡು, ಮುಳುಗಿದ ಮನೆ ಹೇಗಿತ್ತೆಂದು ಕೇಳಿ ಕೇಳಿ, ತಾಜಮಹಲನ್ನು ಬುಡದಿಂದ ಬಿಚ್ಚಿ ಅದರಲ್ಲಿ ಬಾಗಲಕೋಟೆಯ ಮನೆಯನ್ನು ಕಟ್ಟತೊಡಗಿದಳು. ಬೀದಿಗೆ ಕಟ್ಟೆ, ತಲಬಾಗಿಲು, ಪಡಸಾಲೆ, ದೇವರ ಜಗಲಿ, ಬೆಳಕಿಂಡಿ, ಹಗೇವು, ಒಳಗೆ ಎತ್ತು ಕಟ್ಟುವ ದಂದಕ್ಕಿ, ಎಲ್ಲವೂ ಶುಭ್ರ ಬಿಳಿ. ಷಹಜಹಾನನಿಗೂ ಹೊಳೆಯದಿದ್ದ ಅಮೃತಶಿಲೆಯ ದಂದಕ್ಕಿಯನ್ನು ನಾನು ಆ ಸಂಜೆ ಮೊಣಕಾಲೂರಿ ನೋಡಿದೆನು. ಕಂಬಗಳ ಸಂಖ್ಯೆ ಸರಿಯಾಗಿತ್ತು. ತಂದೆಯವರು ಕಂಬಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ನಂಬರುಗಳು ಹನ್ನೆರಡರವರೆಗೆ ಹೋಗಿದ್ದವು, ಇಲ್ಲಿಯೂ ಹನ್ನೆರಡೇ.

ಅವ್ವ ಕನ್ನಡಕ ಏರಿಸಿಕೊಂಡು ಮನೆಯ ಸುತ್ತ ಒಂದು ಪ್ರದಕ್ಷಿಣೆ ಬಂದಳು. “ಎಲ್ಲಾ ಬರೋಬ್ಬರಿ ಐತಿ. ಹಿತ್ತಲ ಬಾಗಿಲಾ ಮರತೀಯವಾ ನನ ಮಗಳ. ಅದನ್ನ ಮೊದಲ ಇಡು. ನೀರ ಬಂದ್ರ ಹೊರಗ ಹೋಗಾಕ ಬೇಕಾಗತೈತಿ,” ಎಂದಳು. ಮಗಳು ನಕ್ಕಳು, ಸ್ಲೌ ಊರಿನಲ್ಲಿ ನೀರೆಲ್ಲಿಂದ ಬಂದೀತೆಂದು ಅವಳ ಭಾವನೆ. ಆದರೂ ಬಟ್ಟಲಲ್ಲಿ ಕೈಯಾಡಿಸಿ ಒಂದು ಬಾಗಿಲನ್ನು ಮಾಡಿ ಕೂರಿಸಿದಳು.

ಅವ್ವ ಇಳಕಲ್ಲಿಗೆ ಮರಳಿದ್ದಾಳೆ. ಬಿದಿರಿನ ಮರವನ್ನು ನಮಗೆ ಬಿಟ್ಟುಹೋಗಿದ್ದಾಳೆ. ತಾಜಮಹಲಿನ ಪೆಟ್ಟಿಗೆ ಕಪಾಟಿನ ನೆತ್ತಿಯಿಂದಿಳಿದು ಅಡುಗೆಮನೆ ಸೇರಿದೆ; ದೊಡ್ಡದಾಗಿಯೂ ಗಟ್ಟಿಯಾಗಿಯೂ ಇರುವುದರಿಂದ ಅದರೊಳಗೆ ಕಡಕ್ ರೊಟ್ಟಿ ಮುರಿಯದೆ ನಿಲ್ಲುತ್ತದೆ. ತೆರೆದ ಪೆಟ್ಟಿಗೆಗೆ ಬೆಲೆಯಿಲ್ಲವೆಂದು ನಾನು ಈಗಲೂ ವಾದಿಸುತ್ತೇನೆ, ಸಾಮಾನ್ಯವಾಗಿ ಕೈಯಲ್ಲೊಂದು ರೊಟ್ಟಿ ಹಿಡಿದುಕೊಂಡು.