ಕಣ್ಣಂಚಿನ ವ್ಯವಹಾರ

ನಮ್ಮ ಪತ್ರಿಕೆಗಳಿಗೆ ಕೂಗಳತೆಯ ಮೇಲೆ ಬಹಳ ಪ್ರೀತಿ. ಸರಗಳವು ಎಲ್ಲಾಯಿತು ಎಂದರೆ, ಪೊಲೀಸ್ ಠಾಣೆಯ ಕೂಗಳತೆ ದೂರದಲ್ಲಿ. ಕೂಗಿದವರು ಯಾರು, ಅದು ಯಾರಿಗೆ ಕೇಳಿಸಿತು ಎಂಬ ವಿವರ ಮಾತ್ರ ಯಾವತ್ತೂ ಇರುವುದಿಲ್ಲ. ಅದರ ಒಡಹುಟ್ಟಾದ ಕಣ್ಣಳತೆಗೆ ಅಷ್ಟು ಅದೃಷ್ಟವಿಲ್ಲ. ಕಣ್ಣು ಹಾಯುವಷ್ಟು ದೂರಕ್ಕೂ ಕಣ್ಣಳತೆ ಎನ್ನುತ್ತೇವೆ, ಟೇಪು ಹಿಡಿಯದೆ ಅಂದಾಜಿನಲ್ಲಿ ಅಳೆಯುವುದಕ್ಕೂ ಕಣ್ಣಳತೆ ಎನ್ನುತ್ತೇವೆ. ನಮ್ಮ ಮನೆ ಕಟ್ಟಿದ ಮೇಸ್ತ್ರಿ ಎರಡನೆಯದರಲ್ಲಿ ನಿಸ್ಸೀಮ. ಅದಕ್ಕೇ ನಮ್ಮ ಬಚ್ಚಲಿನ ನೀರು ಇವತ್ತಿಗೂ ನಡುಮನೆಯ ಕಡೆಗೇ ಒಲಿಯುತ್ತದೆ.

ಪಠ್ಯಪುಸ್ತಕದವರು ಈ ಗೊಂದಲವೇ ಬೇಡವೆಂದು 'ದೃಷ್ಟಿಕ್ಷೇತ್ರ' ಎಂದುಬಿಟ್ಟರು. ಕೇಳಿದರೆ ಧರ್ಮಸ್ಥಳಕ್ಕೂ ಸುಬ್ರಹ್ಮಣ್ಯಕ್ಕೂ ನಡುವೆ ಎಲ್ಲೋ ಬಸ್ಸಿಳಿದು ಕೈಮುಗಿಯಬೇಕಾದ ಊರು ಅನ್ನಿಸುತ್ತದೆ. ಇಲ್ಲವೇ ಗೆದ್ದವರು ಐದು ವರ್ಷ ತಿರುಗಿ ನೋಡದ ಕ್ಷೇತ್ರ. ನೇತ್ರವೈದ್ಯರ ಲೆಕ್ಕದಲ್ಲಿ ಈ ಕ್ಷೇತ್ರದ ವಿಸ್ತಾರವೇನೂ ಕಡಿಮೆಯಲ್ಲ. ತಲೆ ಅಲುಗಿಸದೆ ನೆಟ್ಟಗೆ ನೋಡುತ್ತಿದ್ದರೂ ಒಂದೊಂದು ಕಣ್ಣಿಗೆ ಮೂಗಿನ ಕಡೆ ಸುಮಾರು 60 ಡಿಗ್ರಿ, ಕಿವಿಯ ಕಡೆ ಸುಮಾರು 100 ಡಿಗ್ರಿ ದಕ್ಕುತ್ತದೆ. ಎರಡೂ ಸೇರಿದರೆ ಹತ್ತಿರಹತ್ತಿರ 200. ಆದರೆ ಇಷ್ಟೆಲ್ಲ ಆಸ್ತಿಯಲ್ಲಿ ಅಚ್ಚುಕಟ್ಟಾಗಿ ಕಾಣುವುದು ನಟ್ಟನಡುವಿನ ಸುಮಾರು 2 ಡಿಗ್ರಿ. ಕೈ ನೀಡಿ ಹೆಬ್ಬೆರಳೆತ್ತಿದರೆ ಅದರ ಉಗುರಿನಗಲ, ಅಷ್ಟೇ. ಮಿಕ್ಕಿದ್ದೆಲ್ಲ ಮಬ್ಬು.

ನಮ್ಮ ಸಂಸಾರ ನಡೆಯುವುದು ಆ ಮಬ್ಬಿನಲ್ಲೇ ಎಂಬುದು ನನ್ನ ವಾದ.

ಯಾವುದಾದರೂ ಕಲ್ಯಾಣ ಮಂಟಪಕ್ಕೆ ಹೋಗಿ ನೋಡಿ. ವಧೂವರರಿಗೆ ಸಲ್ಲುವುದು ಆ ಉಗುರಿನಗಲದ ನೋಟ ಮಾತ್ರ. ಕೈಗಡ ಕೊಟ್ಟವರು ಎಡಗಡೆಯ ಕಂಬದ ಹತ್ತಿರ ಸುಳಿದರೋ, ಅಕ್ಷತೆ ಹಿಡಿದವನ ಭಕ್ತಿ ಇದ್ದಕ್ಕಿದ್ದಂತೆ ಉಕ್ಕುತ್ತದೆ. ಮಾತು ಬಿಟ್ಟ ಷಡ್ಡಕ ಬಲಗಡೆ ಮೂರನೇ ಸಾಲಿನಲ್ಲಿ ಕೂತಿದ್ದಾನೆಂದು ಗೊತ್ತಿರುತ್ತದೆ, ಅವನಿಗೂ ಗೊತ್ತಿರುತ್ತದೆ, ಇಬ್ಬರೂ ಸ್ಟೇಜಿನ ಹೂವಿನ ಅಲಂಕಾರವನ್ನೇ ನೋಡುತ್ತಿರುತ್ತಾರೆ. ಕಡೆಗಣ್ಣಿಂದ ನೋಡುವುದಕ್ಕೂ ಕಡೆಗಣಿಸುವುದಕ್ಕೂ ಕನ್ನಡದಲ್ಲಿ ಬೇರು ಒಂದೇ. ನಮ್ಮ ಹಿರಿಯರೂ ಮದುವೆಗಳಿಗೆ ಹೋಗಿಬಂದವರೇ ಇರಬೇಕು. ಕಣ್ಣಂಚಿಗೆ ಮುಖದ ಚಹರೆ ಹತ್ತುವುದಿಲ್ಲ, ಅಲುಗಾಟ ಮಾತ್ರ ಚೆನ್ನಾಗಿ ಹತ್ತುತ್ತದೆ. ಊಟದ ಹಾಲಿನ ಬಾಗಿಲು ತೆರೆಯಿತು ಎಂದು ತಿಳಿಯಲು ಅಷ್ಟು ಸಾಲದೇ?

ಅದೇ ಮಂಟಪದ ಹೊರಗೆ, ಹನ್ನೊಂದು ಗಂಟೆಯ ಉರಿಬಿಸಿಲಿನಲ್ಲಿ ಪುರೋಹಿತರು ಅರುಂಧತಿ ನಕ್ಷತ್ರ ತೋರಿಸುತ್ತಾರೆ. 'ಕಾಣಿಸ್ತಾ?' ಎಂದರೆ ವರ 'ಹ್ಞೂಂ' ಎನ್ನುತ್ತಾನೆ. ದಾಂಪತ್ಯದ ಮೊದಲ ಸುಳ್ಳಿಗೆ ಸಪ್ತರ್ಷಿಗಳೇ ಸಾಕ್ಷಿ. ರಾತ್ರಿ ಆಕಾಶ ನೋಡುವ ಹವ್ಯಾಸವಿರುವವರು ಮಾತ್ರ ಒಂದು ಉಪಾಯ ಬಲ್ಲರು: ತೀರ ಮಂಕಾದ ನಕ್ಷತ್ರವನ್ನು ನೆಟ್ಟಗೆ ದಿಟ್ಟಿಸಬಾರದು, ತುಸು ಪಕ್ಕಕ್ಕೆ ನೋಡಬೇಕು. ಮಂದ ಬೆಳಕನ್ನು ಹಿಡಿಯುವ ಕೋಶಗಳು ರೆಟಿನಾದ ನಟ್ಟನಡುವೆ ಇಲ್ಲ, ಸುತ್ತಮುತ್ತ ಇವೆ. ಓರೆಗಣ್ಣಿಗೆ ಇಷ್ಟು ಗೌರವ ಕೊಟ್ಟ ಶಾಸ್ತ್ರ ಖಗೋಳಶಾಸ್ತ್ರ ಒಂದೇ ಎಂದು ಕಾಣುತ್ತದೆ.

ಇಷ್ಟು ದೊಡ್ಡ ಕ್ಷೇತ್ರದಲ್ಲಿ ಒಂದು ತೂತೂ ಇದೆ. ದೃಷ್ಟಿಯ ನರ ಕಣ್ಣುಗುಡ್ಡೆಯಿಂದ ಹೊರಬೀಳುವ ಕಡೆ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಅಲ್ಲಿ ನಾವು ಕುರುಡರು. ಇದನ್ನು 1660ರ ದಶಕದಲ್ಲಿ ಕಂಡುಹಿಡಿದವನು ಫ್ರಾನ್ಸಿನ ಎಡ್ಮೆ ಮಾರಿಯೊತ್. ಬೇಕಾದರೆ ಹಾಳೆಯ ಮೇಲೆ ಎಡಕ್ಕೊಂದು ಕೂಡುಚಿಹ್ನೆ, ಅದರಿಂದ 8 ಸೆಂಟಿಮೀಟರ್ ಬಲಕ್ಕೊಂದು ಚುಕ್ಕಿ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತ ಹಾಳೆಯನ್ನು ಹಿಂದೆಮುಂದೆ ಮಾಡಿ. ಸುಮಾರು 30 ಸೆಂಟಿಮೀಟರಿನ ಹತ್ತಿರ ಚುಕ್ಕಿ ಮಾಯ! ಅಲ್ಲಿ ಕಪ್ಪು ತೂತೂ ಕಾಣುವುದಿಲ್ಲ. ಮಿದುಳು ಬಿಳಿ ಕಾಗದದ ತೇಪೆ ಹಾಕಿ ಸುಮ್ಮನಾಗುತ್ತದೆ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಈ ಉಪಾಯದಿಂದ ಆಸ್ಥಾನಿಕರ ತಲೆ ಹಾರಿಸಿ ಖುಷಿಪಡುತ್ತಿದ್ದನೆಂದು ಒಂದು ಕಥೆಯಿದೆ. ಕಥೆ ನಿಜವೋ ಸುಳ್ಳೋ, ಉಪಾಯವಂತೂ ಪಕ್ಕಾ. ಮಗನ ಅಮೆರಿಕದ ಸಂಬಳದ ವಿಷಯ ತೆಗೆಯುವ ನೆರೆಮನೆಯವರು ಎರಡು ಮೀಟರ್ ದೂರದಲ್ಲಿ ಕೂತಿರಲಿ, ನೀವು ಎಡಗಣ್ಣಿಗೆ ಕೈ ಅಡ್ಡ ಹಿಡಿದು ಅವರ ಮುಖಕ್ಕಿಂತ ಎರಡೂವರೆ ಗೇಣು ದೂರ, ನಿಮ್ಮ ಎಡಕ್ಕೆ, ನೋಡಿ. ತಲೆ ಹೋಗುತ್ತದೆ. ಮಾತು ಹೋಗುವುದಿಲ್ಲ, ಅದೊಂದು ಕೊರತೆ.

ಚಿಕ್ಕಪ್ಪನಿಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಿದೆಯೆಂದು ವೈದ್ಯರು 'ಫೀಲ್ಡ್ ಟೆಸ್ಟ್' ಬರೆದುಕೊಟ್ಟರು. ಗ್ಲಾಕೋಮಾ ಸಾಮಾನ್ಯವಾಗಿ ಸುತ್ತಲಿನ ನೋಟವನ್ನು ಮೊದಲು ತಿನ್ನುತ್ತದೆ, ನಡುವಿನದನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಪೇಪರ್ ಓದಲು ಬರುವವರೆಗೆ ಯಾರಿಗೂ ಅನುಮಾನ ಬರುವುದಿಲ್ಲ. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ದೀಪವನ್ನೇ ನೋಡಬೇಕು, ಅಕ್ಕಪಕ್ಕ ಚುಕ್ಕಿ ಮಿನುಗಿದಾಗ ಬಟನ್ ಒತ್ತಬೇಕು. ಚಿಕ್ಕಪ್ಪ ನಿವೃತ್ತ ಗಣಿತದ ಮೇಷ್ಟ್ರು. ಪರೀಕ್ಷೆ ಎಂದ ಮೇಲೆ ನೂರಕ್ಕೆ ನೂರು ಬೇಕು. ಕಂಡದ್ದಕ್ಕೂ ಒತ್ತಿದರು, ಕಾಣಬಹುದಾದದ್ದಕ್ಕೂ ಒತ್ತಿದರು.

ಯಂತ್ರ ಅವರಿಗಿಂತ ಖಡಕ್ ಮೇಲ್ವಿಚಾರಕ. ನಡುನಡುವೆ ಚುಕ್ಕಿ ತೋರಿಸದೆ ಸುಮ್ಮನಿರುತ್ತದೆ, ಆಗ ಒತ್ತಿದವರ ಹೆಸರಿಗೆ ಒಂದು ಗುರುತು. ಆಗಾಗ ನಿಮ್ಮ ಕುರುಡು ಚುಕ್ಕೆಯೊಳಗೇ ದೀಪ ಮಿನುಗಿಸುತ್ತದೆ. ಅದನ್ನು ಕಂಡೆ ಎಂದಿರೋ, ನಡುವಿನ ದೀಪ ಬಿಟ್ಟು ಕಣ್ಣಾಡಿಸಿದಿರಿ ಎಂದರ್ಥ. ತಂತ್ರಜ್ಞೆ ಹುಡುಗಿ, 'ಅಂಕಲ್, ಕಂಡ್ರೆ ಮಾತ್ರ ಒತ್ತಿ, ಇನ್ನೊಂದ್ಸಲ ಮಾಡೋಣ' ಎಂದಳು. ಜೀವಮಾನವಿಡೀ ಕಾಪಿ ಹಿಡಿದ ಮನುಷ್ಯ ಹಾಗೆ ಸಿಕ್ಕಿಬಿದ್ದದ್ದು ನಮ್ಮ ಬಳಗದಲ್ಲಿ ದೊಡ್ಡ ಸುದ್ದಿಯಾಯಿತು.

ಎರಡನೇ ಸಲ ಪ್ರಾಮಾಣಿಕವಾಗಿ ಒತ್ತಿದರು. ವರದಿ ಚೆನ್ನಾಗಿ ಬಂತು, ಎರಡೂ ಕಣ್ಣಿನ ಕ್ಷೇತ್ರ ಪೂರ್ತಿ. ಚಿಕ್ಕಮ್ಮ ಅದನ್ನು ಮನೆಪತ್ರದ ಜೊತೆ ಬೀರುವಿನಲ್ಲಿಟ್ಟರು. ಮೊನ್ನೆ ಹಾಲು ಉಕ್ಕಿ ಅಡುಗೆಕಟ್ಟೆಯಿಂದಿಳಿದು ನೆಲಕ್ಕೆ ಬಂದಿತ್ತು. ಚಿಕ್ಕಪ್ಪ ಒಲೆಯ ಪಕ್ಕದಲ್ಲೇ ಪೇಪರ್ ಹಿಡಿದು ನಿಂತಿದ್ದರು. 'ನಾನು ನೋಡ್ಲೇ ಇಲ್ಲ ಕಣೇ' ಎಂದರು. ಚಿಕ್ಕಮ್ಮ ಮಾತಾಡದೆ ಬೀರುವಿನ ಬೀಗದ ಕೈ ತರಲು ಹೋದರು.