ಕನ್ನಡತಿಗೆ ಕನ್ನಡ ಕಲಿಸಿದ ಅಕ್ಕೋರು

ಹಾನಗಲ್ಲಿಗೆ ಹೋಗಿ, ಶಿಗ್ಗಾಂವಿಗೆ ಹೋಗಿ, ಸವಣೂರು, ಹಿರೇಕೆರೂರಿಗೇ ಹೋಗಿ. ಆಸ್ಪತ್ರೆ ಸರ್ಕಾರದ್ದಿರಲಿ, ಖಾಸಗಿಯದಿರಲಿ, ಡ್ಯೂಟಿ ರೂಮಿನಲ್ಲಿ ಇಂಥ ಒಬ್ಬ ಅಕ್ಕೋರು ಇದ್ದೇ ಇರುತ್ತಾರೆ. ಪರಊರಿನ ನರ್ಸನ್ನು ದಾರಿಗೆ ತರುವ ಕೆಲಸವನ್ನು ಅವರಿಗೆ ಯಾರೂ ವಹಿಸಿರುವುದಿಲ್ಲ. ಅದಕ್ಕೇ ಅಷ್ಟು ನಿಷ್ಠೆಯಿಂದ ಮಾಡುತ್ತಾರೆ.

ನನಗೆ ಶಿಗ್ಗಾಂವಿಯಲ್ಲಿ ಗಂಟುಬಿದ್ದವರು ಸವಣೂರಿನವರು. ಮೊದಲ ದಿನವೇ ಕೈಗೆ ಸವಣೂರು ಖಾರದ ಪೊಟ್ಟಣ ಇಟ್ಟು, "ಯಾವೂರಾಕಿ ನೀ?" ಎಂದರು. ಮಂಡ್ಯ ಎಂದೆ. "ಹಂಗಾರ ಕನ್ನಡ ಬರಂಗಿಲ್ಲ ಬಿಡು" ಎಂದು ಮರುಗಿದರು.

ಮೈ ಉರಿಯಿತು. ಮರುದಿನ ವಾರ್ಡಿನಲ್ಲಿ ಒಬ್ಬ ಅಜ್ಜನನ್ನು ಬಾಯ್ತುಂಬ, "ತಿಂಡಿ ಆಯ್ತಾ ತಾತ?" ಎಂದು ಕೇಳಿದೆ. ಅಜ್ಜ ತೋಳು ತಿರುವಿ ನೋಡಿಕೊಂಡ. "ಇಲ್ರಿ ಬಾಯಾರ, ತಿಂಡಿ ಗಿಂಡಿ ಏನಿಲ್ಲ. ಬರೇ ಕೆಮ್ಮು."

"ಬೆಳಗಿಂದ ಇಲ್ವಾ?"

"ಹೋದ ವರ್ಷ ಇತ್ರಿ. ಮುಲಾಮು ಹಚ್ಚಿದ ಮ್ಯಾಲೆ ಹೋತು."

ಅಕ್ಕೋರು ಬಾಗಿಲು ಹಿಡಿದು ನಗುತ್ತಿದ್ದರು. ಈ ಕಡೆ ತಿಂಡಿ ಎಂದರೆ ತುರಿಕೆ. ಹೊಟ್ಟೆಗೆ ಹೋಗುವುದು ನಾಷ್ಟಾ. ನನಗೆ ಇದನ್ನು ಹೇಳಿದ್ದು ಒಂದೇ ಸಲ, ಊರಿಗೆ ಹೇಳಿದ್ದಕ್ಕೆ ಲೆಕ್ಕವಿಲ್ಲ. ಲ್ಯಾಬಿನವರಿಗೆ, ಆಂಬುಲೆನ್ಸ್ ಡ್ರೈವರಿಗೆ, ಲಸಿಕೆಗೆ ಬಂದ ಬಾಣಂತಿಯರಿಗೆ. ಸಲಸಲಕ್ಕೂ ಅಜ್ಜನ ಮಾತು ಬೆಳೆಯುತ್ತಿತ್ತು. "ಕೈಕಾಲು ಹರಿಯಾಕತ್ತಾವ್ರಿ" ಎಂದು ನೋವು ಹೇಳಿಕೊಂಡ ಅಜ್ಜಿಯ ಮೈಮೇಲೆ ನಾನು ಗಾಯ ಹುಡುಕಿದ್ದು ಅದರ ಎರಡನೇ ಅಧ್ಯಾಯ.

ಜೊತೆಗೆ ಸೇರಿದ ಕೇರಳದ ಹುಡುಗಿಗೆ ಈ ಪಾಡಿಲ್ಲ. ಮರೆಯಬೇಕಾದ ಕನ್ನಡವೇ ಅವಳಲ್ಲಿರಲಿಲ್ಲ. ಗುಳಗಿ, ತಲಿಶೂಲಿ, ಬ್ಯಾನಿ ಎಲ್ಲ ನುಂಗಿಕೊಂಡು ಮೂರೇ ತಿಂಗಳಿಗೆ, "ಸೂಜಿ ಮಾಡ್ತೀನ್ರಿ, ಹಗೂರಕ ಮಗ್ಗಲಾಗ್ರಿ" ಎನ್ನತೊಡಗಿದಳು. "ಇಕಿ ಕನ್ನಡದಾಕಿ, ಅದಕ್ಕ ತಡಾ" ಎಂದು ಅಕ್ಕೋರು ನನ್ನನ್ನು ತೋರಿಸುತ್ತಿದ್ದರು.

ಊರಿಗೆ ಹೊರಟುಬಿಡುತ್ತೇನೆಂದು ನಾನು ಅತ್ತ ವಾರ, ರಜೆ ಹಾಕಿಸಿ ಸವಣೂರಿನ ಕಲ್ಮಠಕ್ಕೆ ಕರೆದೊಯ್ದರು. ಅಲ್ಲಿನ ದೊಡ್ಡಹುಣಸೆ ಮರಗಳು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಎತ್ತಿ ಮತ್ತೆ ನೆಟ್ಟರು. "ಆನಿಯಂಥಾ ಮರಾನ ಎಬ್ಬಿಸಿ ನಿಂದ್ರಿಸ್ಯಾರ, ನೀ ಎಷ್ಟರಾಕಿ?" ಎಂದವರೇ ಬುತ್ತಿ ಬಿಚ್ಚಿದರು. ರೊಟ್ಟಿ, ಎಣಗಾಯಿ. ಬರುವಾಗ ಬಸ್ಸಿನ ಕಂಡಕ್ಟರನಿಗೂ ತಿಂಡಿಯ ಕತೆ ಹೇಳಿದ್ದರು. ಎರಡನೇ ರೊಟ್ಟಿಯ ಹೊತ್ತಿಗೆ ಕ್ಷಮಿಸಿದೆ.

ಕೇರಳದ ಹುಡುಗಿ ಈಗ ಮಸ್ಕತ್‌ನಲ್ಲಿದ್ದಾಳೆ. ಮೊನ್ನೆ ವಿಡಿಯೊ ಕರೆಯಲ್ಲಿ, "ಇಲ್ಲೂ ಒಬ್ರು ಅಕ್ಕೋರು ಅದಾರ್ರಿ. ಅರಬ್ಬಿ ಕಲಸ್ತಾರ, ತಪ್ಪಿದ್ರ ನಿಮ್ಮಂಗ ನಗ್ತಾರ" ಎಂದಳು.

ಅಕ್ಕೋರ ನಗು ಅರ್ಧಕ್ಕೇ ನಿಂತಿತು.

"ರೊಟ್ಟಿ ಕಟ್ಟಿ ಕೊಡ್ತಾಳೇನ ಆಕಿ?"