ಅಂಗಿಯ ಜಿಜ್ಞಾಸೆ

ಆಷಾಢದ ಜಡಿಮಳೆಯಲ್ಲಿ 1343 ಮೀಟರ್ ಎತ್ತರದ ಕೊಡಚಾದ್ರಿಯನ್ನೇರುವ ದುರ್ಬುದ್ಧಿಯುಂಟಾದುದರಿಂದ, ತದನುಗುಣವಾದ ಜಾಕೆಟ್ಟೊಂದನ್ನು ಅರಸಿ ಅಂಗಡಿಗೆ ಹೋದೆನು. "ಸಾಫ್ಟ್‌ಶೆಲ್ ತಗೊಳ್ಳಿ ಸ್ವಾಮಿ, ಕೈಯೆತ್ತಿದರೆ ಹಿಗ್ಗುತ್ತದೆ, ಬೆವರನ್ನು ಹೊರಬಿಡುತ್ತದೆ, ತುಂತುರನ್ನು ತಡೆಯುತ್ತದೆ" ಎಂದ ವರ್ತಕನನ್ನು "ಮಳೆಯನ್ನು?" ಎಂದು ಕೇಳಲಾಗಿ, ಆತನು ಗಂಭೀರವದನನಾಗಿ, "ಅದಕ್ಕೆ ಹಾರ್ಡ್‌ಶೆಲ್ ಬೇರೆಯೇ ಇದೆ, ಆದರೆ ಹತ್ತುವಾಗ ಅದರೊಳಗೆ ಬೆವರಿನಿಂದಲೇ ತೋಯುತ್ತೀರಿ" ಎಂದನು.

ಹೊರಗಿನಿಂದ ನೆನೆಯುವುದೋ ಒಳಗಿನಿಂದ ನೆನೆಯುವುದೋ ಎಂಬ ಈ ದ್ವೈತಾದ್ವೈತ ಜಿಜ್ಞಾಸೆಯಲ್ಲಿ ಮೊದಲನೆಯ ಪಕ್ಷವನ್ನವಲಂಬಿಸಿ, ತೋಳಿನ ಮೇಲೆ ಹನಿಗಳು ಕೆಸುವಿನೆಲೆಯ ಮೇಲಿನ ಮುತ್ತುಗಳಂತೆ ಉರುಳುವುದನ್ನು ಕಂಡು ಹಿಗ್ಗುತ್ತ ಅರ್ಧ ಬೆಟ್ಟವೇರುವಷ್ಟರಲ್ಲಿ, ಆ ಮುತ್ತುಗಳೇ ಹೆಗಲಿನ ಹೊಲಿಗೆಯ ಮಾರ್ಗವಾಗಿ ಬೆನ್ನಿಗಿಳಿದುವು. ಎದುರಿಗೆ ಕಂಬಳಿಕೊಪ್ಪೆ ಹೊದ್ದು ದನವಟ್ಟುತ್ತ ಬಂದ ಮುದುಕನೊಬ್ಬನು ನನ್ನನ್ನು ಆಪಾದಮಸ್ತಕ ನೋಡಿ, "ಎಷ್ಟು ಕೊಟ್ರಿ ಇದಕ್ಕೆ?" ಎಂದನು; ಮಳೆಯ ಸದ್ದಿನಲ್ಲಿ ಕೇಳಿಸದವನಂತೆ ನಾನು ಮುಂದೆ ನಡೆದೆನು.